ಜರಡಿಯಕ್ಕನ ಕೆಸರು, ಮನೆಯವರ ಮಾತು

ಸೂರ್ಯ ಇನ್ನೂ ನೀರಿನಿಂದ ತಲೆ ಎತ್ತಿಲ್ಲ. ಹಡಗಿನ ಹಿಂಬದಿಯ ಡೆಕ್ಕಿನಲ್ಲಿ ವೈರು ಸುತ್ತುವ ಯಂತ್ರ, ವಿಂಚು, ಊಳಿಡುತ್ತಿದೆ. ಆ ಸದ್ದಿಗೆ ಈ ಸಮುದ್ರದಲ್ಲಿ ಮುಳುಗಿದವರೆಲ್ಲ ಒಟ್ಟಿಗೆ ಮಗ್ಗುಲು ಬದಲಿಸಿ, ‘ಬೆಳಗಾಯಿತೇ?’ ಎಂದು ಒಬ್ಬರನ್ನೊಬ್ಬರು ಕೇಳಿರಬೇಕು. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ವೈರು ಐದು ಕಿಲೋಮೀಟರ್ ಕೆಳಗಿನಿಂದ ನೀರು ತೊಟ್ಟಿಕ್ಕಿಸುತ್ತ ಮೇಲೆ ಬರುತ್ತಿದೆ. ಬರುತ್ತಲೇ ಇದೆ. ಒಬ್ಬ ಮನುಷ್ಯ ಹುಟ್ಟಿ, ಶಾಲೆಗೆ ಸೇರಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡರೂ ಅದು ಬರುತ್ತಲೇ ಇರುತ್ತದೇನೋ ಎನ್ನಿಸುವ ಹೊತ್ತಿಗೆ ನೀರು ಒಮ್ಮೆ ಹಸಿರಾಗಿ ಉಬ್ಬಿ, ಆಳೆತ್ತರದ ಚೌಕಟ್ಟಿನೊಳಗೆ ಒಂದು ಉಕ್ಕಿನ ಪೆಟ್ಟಿಗೆ ತಲೆ ಹೊರಹಾಕುತ್ತದೆ.

ಪೆಟ್ಟಿಗೆ ಡೆಕ್ಕಿಗೆ ತಾಗುವ ಮೊದಲೇ ಅಲ್ಲೊಬ್ಬರು ನಿಂತಿದ್ದಾರೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಕುತ್ತಿಗೆಯಿಂದ ಇಳಿಬಿದ್ದ ಹಳದಿ ಏಪ್ರನ್ನು, ಬರಿಗೈ. ಹಡಗಿನಲ್ಲಿ ಎಲ್ಲರೂ ಅವರನ್ನು ಜರಡಿಯಕ್ಕ ಎನ್ನುತ್ತಾರೆ. ಕ್ಯಾಪ್ಟನ್ನಿಗೂ ಅವರು ಅಕ್ಕನೇ. ಅವರು ಮಾಡುವ ಮೊದಲ ಕೆಲಸ, ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ ಹಿಡಿಯುವುದು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ.

“ತಣ್ಣಗಿದೆ,” ಎನ್ನುತ್ತಾರೆ. “ತಣ್ಣಗಿದ್ರೆ ತಳದ್ದು. ಬೆಚ್ಚಗಿದ್ರೆ ನಮ್ಮದು.”

ತಣ್ಣಗೆ ಎಂದರೆ ಅಂತಿಂಥ ತಣ್ಣಗಲ್ಲ. ಸೂರ್ಯನೇ ಬಂದು ಆ ಕೆಸರಿಗೆ ಒಂದು ಬೆರಳು ಅದ್ದಿದರೆ ಅವತ್ತು ಮಧ್ಯಾಹ್ನ ಆಗುವುದಿಲ್ಲ. ಮೇಲೆ ಬೆವರು ಸುರಿಯುವ ಸೆಖೆ, ಪೆಟ್ಟಿಗೆಯೊಳಗೆ ಕಂದು ಬಣ್ಣದ, ಬೆಣ್ಣೆಯಂಥ, ಬಿಸಿಲೆಂಬುದನ್ನು ಎಂದೂ ಕಾಣದ ಕೆಸರು. ಈ ಕೆಸರಿನಲ್ಲಿ ವಾಸ ಮಾಡುವವರನ್ನು ಹುಡುಕಿ ಹೊರತೆಗೆಯುವುದೇ ಅಕ್ಕನ ಉದ್ಯೋಗ. ಸಮುದ್ರತಳದ ಜೀವಿಗಳ ಮೇಲೆ ಬರೆದ ಪುಸ್ತಕಗಳೆಲ್ಲ ಮೊದಲು ಅಕ್ಕನ ಜರಡಿಯ ಮೇಲೆ ಕೂತು ನೀರು ಕುಡಿದೇ ಹೋಗಿರುವುದು. ಪುಸ್ತಕದಲ್ಲಿ ಮಾತ್ರ ಅಕ್ಕನ ಸುದ್ದಿಯಿಲ್ಲ.

ಕೆಲಸ ಹೀಗೆ ನಡೆಯುತ್ತದೆ. ಕೆಸರಿನ ಮೇಲ್ಪದರವನ್ನು ತಗಡಿನಿಂದ ತೆಳ್ಳಗೆ ಕೊಯ್ದು ಬಕೆಟ್ಟಿಗೆ ಹಾಕಬೇಕು. ಸೋಸಿ ತಣ್ಣಗೆ ಮಾಡಿಟ್ಟ ಸಮುದ್ರದ ನೀರನ್ನು ಮಗ್ಗಿನಲ್ಲಿ ತೆಗೆದು, ಸದ್ದಾಗದ ಹಾಗೆ ಜರಡಿಯ ಮೇಲೆ ಸುರಿಯಬೇಕು. ನಲ್ಲಿಯ ನೀರು ಬಿದ್ದರೆ ಒಳಗಿರುವ ಹುಳುಗಳು ಉಬ್ಬಿ ಒಡೆಯುತ್ತವೆ. ಪೈಪು ಬಿಟ್ಟರೆ ಅವುಗಳ ಕಾಲು, ಮೀಸೆ, ಬಾಲ ಎಲ್ಲ ಕಳಚಿಕೊಂಡು, ಯಾರ ಕಾಲು ಯಾರದ್ದೆಂದು ತಿಳಿಯದೆ ವಿಜ್ಞಾನಿಗಳು ತಲೆ ಚಚ್ಚಿಕೊಳ್ಳುತ್ತಾರೆ. ಅಕ್ಕ ನೀರು ಸುರಿಯುವ ನಿಧಾನ ನೋಡಿದರೆ ಆಮೆಗೂ ‘ಸ್ವಲ್ಪ ಬೇಗ ಮಾಡಬಾರದೇ’ ಎನ್ನಿಸೀತು. ಕೊನೆಗೆ ಜರಡಿಯಲ್ಲಿ ಉಳಿಯುವುದು ಒಂದು ಚಿಟಿಕೆ. ಆ ಚಿಟಿಕೆಯಲ್ಲಿ ದಾರದ ತುಂಡಿನಂಥ ಹುಳುಗಳು, ಅಕ್ಕಿ ನುಚ್ಚಿನಂಥ ಚಿಪ್ಪುಗಳು, ಕಣ್ಣೇ ಇಲ್ಲದ ಬಿಳಿ ಸೀಗಡಿಗಳು. ಕಣ್ಣಿಲ್ಲದಿದ್ದರೂ ಅವು ತಲೆಯನ್ನು ಅಕ್ಕನ ಕಡೆಗೇ ತಿರುಗಿಸುತ್ತವೆ.

“ಮೊದಮೊದಲು ಮೈ ಜುಂ ಅಂತಿತ್ತು. ಈಗ ನಾನೇ ಮಾತಾಡಿಸ್ತೀನಿ. ‘ಏನ್ರೀ, ಪ್ರಯಾಣ ಸುಖವಾಗಿತ್ತಾ’ ಅಂತ. ಉತ್ತರ ಕೊಡಲ್ಲ ಅನ್ನೋದೊಂದೇ ಸಮಾಧಾನ.”

ಅಕ್ಕನ ಕಣ್ಣಿನ ವಿಷಯ ಹೇಳಲೇಬೇಕು. ದಿಗಂತದ ಅಂಚಿನಲ್ಲಿ ಹೋಗುವ ಹಡಗಿನಲ್ಲಿ ಯಾರಾದರೂ ಸೂಜಿಗೆ ದಾರ ಪೋಣಿಸುತ್ತಿದ್ದರೆ ಇವರು ಇಲ್ಲಿಂದಲೇ ‘ಇನ್ನೊಂಚೂರು ಎಡಕ್ಕೆ’ ಎನ್ನಬಲ್ಲರು. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಒಡಕು ಗುಂಡಿಗಳನ್ನು ಆರಿಸುತ್ತಿದ್ದವರು. ಈ ಹಡಗಿಗೆ ಬಂದಿದ್ದು ಮಾತ್ರ ಕೆಲಸದ ಆಸೆಯಿಂದಲ್ಲ.

ಇದೇ ಹಡಗಿನಲ್ಲಿ ಅಕ್ಕನ ಗಂಡ ವಿಂಚು ನಡೆಸುತ್ತಿದ್ದರು. ಸಮುದ್ರಕ್ಕೆ ಉಪ್ಪು ಬೆರೆಸುವ ಮೊದಲೇ ನೀರಿಗಿಳಿಸಿದ್ದೋ ಎನ್ನುವಷ್ಟು ಹಳೆಯ ಹಡಗು. ಅದರ ವಿಂಚು ಅದಕ್ಕಿಂತ ಮುದಿ. ಅದರ ಹಿಡಿಕೆ ಅವರ ಕೈಗೆ ಮಾತ್ರ ಬಗ್ಗುತ್ತಿತ್ತು. ವಿಂಚಿನ ಮುಂದೆ ಗಡಿಯಾರದಂಥ ಒಂದು ಬಿಲ್ಲೆ. ಅದರ ಮುಳ್ಳು ವೈರಿನ ಮೇಲಿರುವ ಭಾರ ತೋರಿಸುತ್ತದೆ. ಪೆಟ್ಟಿಗೆ ತಳ ಮುಟ್ಟಿದ ಕೂಡಲೇ ಭಾರ ಇಳಿದು ಮುಳ್ಳು ಕೆಳಗೆ ಬೀಳುತ್ತದೆ. ಆಗ ವಿಂಚಿನವರು ಮೈಕಿನಲ್ಲಿ ‘ತಳ’ ಎಂದು ಒಂದೇ ಮಾತು ಹೇಳಿ ವೈರು ನಿಲ್ಲಿಸಬೇಕು. ಪೆಟ್ಟಿಗೆ ಮತ್ತೆ ಕೆಸರು ಬಿಟ್ಟು ಏಳುವವರೆಗೂ ಡೆಕ್ಕಿನ ಮೇಲೆ ಯಾರೂ ಮಾತಾಡುವುದಿಲ್ಲ. ವಿಂಚಿನ ಸದ್ದಿನಲ್ಲಿ ಸಣ್ಣ ಏರುಪೇರಾದರೂ ಕಿವಿಗೆ ಬೀಳಲಿ ಎಂದು ಆ ನಿಯಮ ಮಾಡಿದ್ದು. ಆದರೆ ಆ ಮೌನ ನೋಡಿದರೆ, ಕೆಳಗೆ ಮಲಗಿರುವವರು ಯಾರೋ ಎದ್ದಾರೆಂಬ ಅಂಜಿಕೆಯಂತೆಯೇ ಇರುತ್ತದೆ.

ಹತ್ತೊಂಬತ್ತು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅವರು ‘ತಳ’ ಎಂದರು. ವೈರು ನಿಲ್ಲಿಸಿದರು. ಎಲ್ಲರೂ ಬಾಯಿ ಮುಚ್ಚಿದರು. ಆಮೇಲೆ ಕೆಳಗೆ ಬಿದ್ದಿದ್ದ ಮುಳ್ಳು ತಾನಾಗಿಯೇ ಮೇಲೇಳತೊಡಗಿತು. ಬ್ರೇಕು ಹಾಕಿದ್ದರೂ ವೈರು ಕೆಂಡದ ವಾಸನೆ ಕಾರುತ್ತ ಸಮುದ್ರದೊಳಗೆ ಓಡಿತು. ಕೊನೆಗೆ ಕಡಿದು ಹೋಯಿತು. ವೈರು ಓಡಿದ್ದನ್ನು ಎಲ್ಲರೂ ಕಂಡರು; ಬ್ರೇಕು ಹಾಕಿತ್ತು, ಮುಳ್ಳು ಮೇಲೆದ್ದಿತು ಎಂದು ಹೇಳಿದವರು ಅವರೊಬ್ಬರೇ. ಮುಳ್ಳಿನ ಮುಂದೆ ಕೂತಿದ್ದವರೂ ಅವರೊಬ್ಬರೇ.

ವಿಚಾರಣೆ ದಡದ ಕಚೇರಿಯ ಒಂದು ಕೋಣೆಯಲ್ಲಿ ನಡೆಯಿತು. ಫ್ಯಾನು ಕೀರಲು ದನಿಯಲ್ಲಿ ತಿರುಗುತ್ತಿತ್ತು. ‘ತೂಕಡಿಸಿದ್ದೀರಿ, ತಳ ಮುಟ್ಟಿದ ಮೇಲೂ ವೈರು ಬಿಡುತ್ತಲೇ ಹೋಗಿದ್ದೀರಿ, ಸಡಿಲ ವೈರು ಸುರುಳಿ ಬಿದ್ದು ತಿರುಚಿ ಕಡಿದಿದೆ’ ಎಂದರು ಅಧಿಕಾರಿಗಳು. ಹಾಗೆ ಕಡಿಯುವುದು ಎಲ್ಲ ಹಡಗಿನಲ್ಲೂ ಆಗುವ ತಪ್ಪು, ನಂಬಲು ಸುಲಭ. ‘ಕೆಳಗಿಂದ ಯಾರೋ ಎಳೆದ್ರು’ ಎಂಬ ಮಾತಿಗೆ ಇಡೀ ಕೋಣೆ ನಕ್ಕಿತಂತೆ. ಫ್ಯಾನು ಕೂಡ ಒಂದು ಸುತ್ತು ತಪ್ಪಿಸಿತಂತೆ. ಅವತ್ತೇ ಕೆಲಸ ಹೋಯಿತು.

ಈಗ ಅವರು ಒಂದು ಆಸ್ಪತ್ರೆಯಲ್ಲಿ ಲಿಫ್ಟು ನಡೆಸುತ್ತಾರೆ. ಅದೂ ವೈರಿನದೇ ಕೆಲಸ. ರೋಗಿಗಳನ್ನು ಮೇಲಕ್ಕೆ ಒಯ್ಯುವಾಗ ಹಾಡು ಗುನುಗುವ ಮನುಷ್ಯ, ನೆಲಮಾಳಿಗೆಯ ಗುಂಡಿ ಒತ್ತುವಾಗ ಮಾತು ನಿಲ್ಲಿಸುತ್ತಾರೆ. ಖಾಲಿ ಲಿಫ್ಟಿನಲ್ಲಿ ಒಬ್ಬರೇ ಕೆಳಗೆ ಹೋಗುವುದಿಲ್ಲ. ಲಿಫ್ಟು ತಳ ಮುಟ್ಟುವಾಗ ಗೋಡೆಗೆ ಅಂಗೈ ಒತ್ತಿ ಹಿಡಿಯುತ್ತಾರೆ. ಅಕ್ಕನ ಅಭ್ಯಾಸ ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ.

“ಅವರು ಸುಳ್ಳು ಹೇಳಲ್ಲ ಅಂತ ಗೊತ್ತು. ಆದ್ರೆ ನಿದ್ದೆ ಮಾಡಿದ್ರೋ ಇಲ್ವೋ ಅಂತ ನನಗೂ ಗೊತ್ತಿಲ್ವಲ್ಲ,” ಎನ್ನುತ್ತಾರೆ ಅಕ್ಕ, ಜರಡಿಯಿಂದ ಕಣ್ಣು ತೆಗೆಯದೆ. “ಮನೇಲಿ ಕೂತು ಅವರ ಮುಖ ನೋಡ್ತಾ ಇದ್ರೆ ಗೊತ್ತಾಗಲ್ಲ. ಅದಕ್ಕೇ ಬಂದೆ. ಕೆಸರು ತೊಳೆಯೋಕೆ ಜನ ಬೇಕು ಅಂದ್ರು. ಕೆಳಗಿಂದ ಬರೋದನ್ನೆಲ್ಲ ಮೊದಲು ಮುಟ್ಟೋದು ಯಾರು ಅಂದೆ. ತೊಳೆಯೋರೇ ಅಂದ್ರು. ಸೇರ್ಕೊಂಡೆ.”

ಸೇರಿದ ಮೊದಲ ವಾರವೇ ಒಂದು ಅವಾಂತರ. ಪೆಟ್ಟಿಗೆಯಲ್ಲಿ ಕೆಸರಿನ ಜೊತೆ ಕರಿ ಉಂಡೆಗಳು ಬಂದಿದ್ದವು. ಆಲೂಗಡ್ಡೆ ಗಾತ್ರದ ಲೋಹದ ಉಂಡೆಗಳು. ಒಂದು ಉಗುರು ದಪ್ಪ ಬೆಳೆಯಲು ಲಕ್ಷಾಂತರ ವರ್ಷ ತೆಗೆದುಕೊಳ್ಳುವಂಥವು. ಅವುಗಳ ಮೇಲೆ ಬೂದು ಬಣ್ಣದ ಪುಡಿಪುಡಿ ಕೊಳೆ. ಅಕ್ಕ ಮನೆಯ ಪಾತ್ರೆ ಎಂಬಂತೆ ಬ್ರಷ್ಷು ಹಿಡಿದು ತಿಕ್ಕಿ, ಮುಖ ಕಾಣುವ ಹಾಗೆ ಹೊಳೆಯಿಸಿ, ಸಾಲಾಗಿ ಜೋಡಿಸಿಟ್ಟರು. ಮುಖ್ಯ ವಿಜ್ಞಾನಿ ಮೇಡಂ ಬಂದು ನೋಡಿ ಗೋಡೆ ಹಿಡಿದು ಕೂತರು. ಆ ಬೂದು ಕೊಳೆಯೇ ಜೀವ. ಅದಕ್ಕಾಗಿಯೇ ಅಷ್ಟು ದೂರ ಬಂದಿದ್ದರು.

“ಗೊತ್ತಿಲ್ಲದೇ ಇರೋದನ್ನ ಕೊಳೆ ಅಂತ ತಿಕ್ಕಿಬಿಟ್ಟೆ,” ಎನ್ನುತ್ತಾರೆ ಅಕ್ಕ. “ನಮ್ಮ ಮನೆಯವರ ಮಾತನ್ನೂ ಆ ಕೋಣೇಲಿ ಹಾಗೇ ತಿಕ್ಕಿದ್ರು. ಅವತ್ತಿಂದ ಆ ಅಧಿಕಾರಿಗಳ ಮೇಲೆ ನನ್ನ ಸಿಟ್ಟು ಅರ್ಧ ಇಳೀತು.”

ಇಷ್ಟು ವರ್ಷ ಹಡಗು ಬೇರೆ ಬೇರೆ ಕಡೆ ಹೋಯಿತೇ ಹೊರತು ವೈರು ಕಡಿದ ಆ ಜಾಗಕ್ಕೆ ಮರಳಿರಲಿಲ್ಲ. ಈ ಸಲ ಹೋಗುತ್ತದೆಂದು ಗೊತ್ತಾದಾಗ ಈಗಿನ ವಿಂಚಿನವನೇ ಬಂದು ಅಕ್ಕನಿಗೆ ಸುದ್ದಿ ಮುಟ್ಟಿಸುತ್ತಾನೆ. ಹತ್ತೊಂಬತ್ತು ವರ್ಷದ ಹಿಂದೆ ಎಣ್ಣೆ ಹಾಕುವ ಕೆಲಸದಲ್ಲಿದ್ದು, ಅಕ್ಕನ ಗಂಡನ ಕೈಕೆಳಗೇ ವಿಂಚು ಕಲಿತವನು. ಅಕ್ಕನನ್ನು ಅತ್ತಿಗೆ ಎಂದೇ ಕರೆಯುತ್ತಾನೆ.

“ಅತ್ತಿಗೆ, ಈ ಸಲ ಕ್ಯಾಮೆರಾ ಇಳಿಸ್ತಾರೆ. ನೆಲ ಪೂರ್ತಿ ಕಾಣುತ್ತಂತೆ.”

“ಕಾಣಲಿ ಬಿಡು.”

“ಅಣ್ಣನ ಪೆಟ್ಟಿಗೆ ಅಲ್ಲೇ ಇರುತ್ತೆ. ವೈರು ಪೆಟ್ಟಿಗೆ ಮೇಲೆ ಗುಡ್ಡೆ ಬಿದ್ದಿದ್ರೆ ಅಣ್ಣ ನಿದ್ದೆ ಮಾಡಿದ್ದು ನಿಜ. ಬಿದ್ದಿಲ್ಲ ಅಂದ್ರೆ...”

“ಅಂದ್ರೆ?”

ವಿಂಚಿನವನು ಕಿವಿ ಕೆರೆದುಕೊಳ್ಳುತ್ತಾನೆ. “ಅಂದ್ರೆ, ಆ ವಿಂಚಲ್ಲಿ ಈಗ ಕೂತಿರೋನು ನಾನು ಅತ್ತಿಗೆ. ನಂಗೆ ಅಣ್ಣ ನಿದ್ದೆ ಮಾಡಿದ್ರೇ ಒಳ್ಳೇದು.”

“ನಿನ್ನ ಧೈರ್ಯಕ್ಕೆ ಒಂದು ಮೆಡಲ್ ಕೊಡಿಸ್ತೀನಿ,” ಎನ್ನುತ್ತಾರೆ ಅಕ್ಕ. ಆದರೆ ಅವತ್ತು ಅವರ ಕೈಯ ಮಗ್ಗಿನಿಂದ ನೀರು ಸದ್ದು ಮಾಡುತ್ತ ಬೀಳುತ್ತದೆ.

ಸಮುದ್ರತಳದಲ್ಲಿ ಏನೂ ಅಳಿಯುವುದಿಲ್ಲ. ತನಿಖೆಗೆ ಅದರಷ್ಟು ಒಳ್ಳೆಯ ಜಾಗ ಬೇರೆಯಿಲ್ಲ. ಮೇಲೆ ಬಿರುಗಾಳಿ ಎದ್ದು ಹಡಗುಗಳನ್ನು ಕಡಲೆಕಾಯಿಯಂತೆ ಒಡೆದು ಹಾಕುತ್ತಿರುವಾಗಲೂ ಕೆಳಗೆ ಹಿಂದಿನ ವರ್ಷ ಹುಳುವೊಂದು ನಡೆದ ಗೆರೆ ಹಾಗೇ ಇರುತ್ತದೆ. ಮೇಲಿನಿಂದ ಸತ್ತ ಸಣ್ಣ ಜೀವಿಗಳ ಪುಡಿ ಹಿಟ್ಟಿನಂತೆ ಉದುರುತ್ತದೆ, ಅಷ್ಟೇ. ಒಬ್ಬರ ಹೆಜ್ಜೆ ಮುಚ್ಚಬೇಕಾದರೆ ಅವರ ಮರಿಮಕ್ಕಳ ಮರಿಮಕ್ಕಳು ಮುದುಕರಾಗಬೇಕು.

ಕ್ಯಾಮೆರಾ ಇಳಿಯುವ ದಿನ ಮೇಲೆ ಕಣ್ಣು ಕುಕ್ಕುವ ಬಿಸಿಲು. ಪರದೆಗಳಿರುವ ಕೋಣೆಗೆ ಕೆಸರಿನ ಬೂಟಿನವರು ಬರುವಂತಿಲ್ಲ. ಅಕ್ಕ ಬೂಟು ಕಳಚಿ, ಕಾಲು ಒರೆಸಿಕೊಂಡು, ಬಾಗಿಲ ಹತ್ತಿರ ನಿಲ್ಲುತ್ತಾರೆ. ಮೇಡಂ ತಿರುಗಿ ನೋಡಿ, ಏನೂ ಕೇಳದೆ, ಪಕ್ಕದ ಕುರ್ಚಿಯ ಮೇಲಿನ ಕಾಗದಗಳನ್ನು ಎತ್ತಿ ಜಾಗ ಮಾಡಿಕೊಡುತ್ತಾರೆ.

ಮೈಕಿನಲ್ಲಿ ವಿಂಚಿನವನ ದನಿ: “ತಳ.”

ಯಾರೂ ಮಾತಾಡುವುದಿಲ್ಲ. ಪರದೆಯ ಮೇಲೆ ಕಂದು ನೆಲ. ದೀಪದ ಬೆಳಕು ಬಿದ್ದಷ್ಟೇ ಜಗತ್ತು, ಅದರಾಚೆ ಕಪ್ಪು. ಸಮುದ್ರಸೌತೆಯೆಂಬ ಜೀವಿಯೊಂದು, ಊದಿದ ಗಾಜಿನಂಥ ಮೈಯೊಳಗೆ ತಾನು ತಿಂದ ಕೆಸರು ಕಾಣುವಂಥದ್ದು, ದೀಪ ನೋಡಿ ಒಂದು ಕಾಲೆತ್ತಿ ಹಾಗೇ ನಿಲ್ಲುತ್ತದೆ. ಕ್ಯಾಮೆರಾ ಅದನ್ನು ದಾಟಿ ತೇಲುತ್ತದೆ. ಆಮೇಲೆ ನೆಲದಲ್ಲಿ ಒಂದು ಚೌಕ.

ಇಲ್ಲಿಂದ ಮುಂದೆ ಉಪ್ಪುಖಾರ ಹಚ್ಚುವ ಅಗತ್ಯವಿಲ್ಲ.

ಚೌಕದ ಅಂಚು ನಿನ್ನೆ ಕೊಯ್ದಂತಿದೆ. ಹತ್ತೊಂಬತ್ತು ವರ್ಷದ ಹಿಂದೆ ಪೆಟ್ಟಿಗೆ ತಳ ಮುಟ್ಟಿದ ಗುರುತು. ಪೆಟ್ಟಿಗೆ ಅಲ್ಲಿಲ್ಲ. ವೈರಿನ ಗುಡ್ಡೆಯೂ ಇಲ್ಲ. ಚೌಕದ ಒಂದು ಬದಿಯಿಂದ ಅಗಲವಾದ ಉಳುಮೆಯ ಗೆರೆಯೊಂದು ಹೊರಟು ಕತ್ತಲೊಳಗೆ ಹೋಗಿದೆ.

“ಹಿಂಬಾಲಿಸಿ,” ಎನ್ನುತ್ತಾರೆ ಮೇಡಂ.

ಹಡಗು ಆ ಗೆರೆಯ ಮೇಲೆಯೇ ಅಂಬೆಗಾಲಿಡುತ್ತದೆ. ಗೆರೆ ಎಲ್ಲೂ ಸೊಟ್ಟಗಾಗುವುದಿಲ್ಲ. ಕೋಣೆಯಲ್ಲಿ ಯಾರೋ ತಂದಿಟ್ಟ ಟೀ ಕೆನೆಗಟ್ಟುತ್ತದೆ. ಬಹಳ ಹೊತ್ತಿನ ಮೇಲೆ ಪೆಟ್ಟಿಗೆ ಕಾಣುತ್ತದೆ. ಅರ್ಧ ಕೆಸರಲ್ಲಿ ಹೂತು, ಪಕ್ಕಕ್ಕೆ ವಾಲಿಕೊಂಡು, ಎಳೆದ ಎಳೆತಕ್ಕೆ ಸುಸ್ತಾಗಿ ಕೂತಂತೆ. ಅದರ ತಲೆಯ ಕೊಕ್ಕೆಯಿಂದ ವೈರು ಮುಂದಕ್ಕೆ ಹೊರಟಿದೆ. ನೆಲದ ಮೇಲೆ ಬಿದ್ದಿಲ್ಲ. ನೆಲದಿಂದ ಒಂದು ಗೇಣು ಮೇಲೆ, ಬಟ್ಟೆ ಒಣಹಾಕಲು ಕಟ್ಟಿದ ತಂತಿಯಂತೆ ಬಿಗಿಯಾಗಿ, ದೀಪದ ಬೆಳಕು ಮುಗಿಯುವ ಕಡೆಗೆ ಹೋಗಿದೆ. ಅದರ ಉದ್ದಕ್ಕೂ ನಕ್ಷತ್ರದಾಕಾರದ ಪುಟ್ಟ ಜೀವಿಗಳು ತೋಳು ಸುತ್ತಿಕೊಂಡು ಸಾಲಾಗಿ ಕೂತಿವೆ. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ.

“ಬಿದ್ದ ವೈರು ಹೀಗೆ ನಿಲ್ಲಲ್ಲ,” ಎಂದು ಅಕ್ಕ ಮೆಲ್ಲಗೆ ಹೇಳುತ್ತಾರೆ. ಮೌನದ ನಿಯಮ ಅವರು ಮುರಿದದ್ದು ಅದೊಂದೇ ಸಲ.

ಮೇಡಂ ಕನ್ನಡಕ ತೆಗೆದು ಒರೆಸುತ್ತಾರೆ. “ಬೇರೆ ಯಾವುದೋ ಹಡಗಿನ ಕೊಕ್ಕೆ ಸಿಕ್ಕಿಕೊಂಡಿರಬಹುದು. ಎಳ್ಕೊಂಡು ಹೋಗಿರಬಹುದು. ಆ ತುದಿ ಯಾವುದಾದ್ರೂ ಬಂಡೆಗೆ...”

“ಇಲ್ಲಿ ಬಂಡೆ ಇದೆಯಾ ಮೇಡಂ?”

“ನಕ್ಷೆಯಲ್ಲಿಲ್ಲ.”

ಆಗ ಪರದೆಯಲ್ಲಿ ವೈರು ಒಮ್ಮೆ ನಡುಗುತ್ತದೆ. ಅದರ ಮೇಲೆ ಕೂತಿದ್ದ ಜೀವಿಗಳಲ್ಲಿ ಒಂದೆರಡು ಕಳಚಿ ಕೆಸರಿಗೆ ಬೀಳುತ್ತವೆ. ಮೈಕಿನಲ್ಲಿ ವಿಂಚಿನವನ ದನಿ: “ಮೇಡಂ, ನನ್ನ ಮುಳ್ಳು ಸರಿಯಾಗೇ ಇದೆ. ಸರಿಯಾಗಿರುವಾಗಲೇ ಮೇಲೆ ತಗೊಂಡ್ಬಿಡ್ಲಾ?”

ಮೇಡಂ ಒಂದು ಕ್ಷಣ ಪರದೆಯನ್ನೂ ಅಕ್ಕನನ್ನೂ ನೋಡುತ್ತಾರೆ. “ತಗೊಳ್ಳಿ.”

ಅವತ್ತು ಸಂಜೆಯೇ ಮೇಡಂ ಆ ಚಿತ್ರಗಳನ್ನು ದಡದ ಕಚೇರಿಗೆ ಕಳಿಸಿ, ಹಳೆಯ ವಿಚಾರಣೆ ತಪ್ಪೆಂದು ಬರೆಯುತ್ತಾರೆ. ಎಳೆದದ್ದು ಏನೆಂದು ಬರೆದಿಲ್ಲ. ‘ಕಾರಣ ತಿಳಿದಿಲ್ಲ’ ಎಂದಷ್ಟೇ. “ನನಗೆ ಗೊತ್ತಿಲ್ಲದ್ದನ್ನ ನಾನೂ ತಿಕ್ಕಲ್ಲ,” ಎಂದು ಅಕ್ಕನಿಗೆ ಹೇಳಿ ನಗುತ್ತಾರೆ. ನಗು ಪೂರ್ತಿ ಬರುವುದಿಲ್ಲ.

ಹಡಗಿನ ಉಪಗ್ರಹ ಫೋನು ಒಂದು ಕಪಾಟಿನಷ್ಟು ಗೂಡಿನಲ್ಲಿದೆ. ಅದರಲ್ಲಿ ಮಾತಾಡಿದರೆ ಮೊದಲು ತಮ್ಮ ದನಿಯೇ ತಮಗೆ ವಾಪಸು ಕೇಳಿಸುತ್ತದೆ, ಆಮೇಲೆ ಆ ಕಡೆಯವರದ್ದು. ಅಕ್ಕ ಇಷ್ಟು ವರ್ಷ ಕಾದ ಮಾತು ಹೇಳುತ್ತಾರೆ.

“ರೀ, ನೀವು ನಿದ್ದೆ ಮಾಡಿರಲಿಲ್ಲ.”

‘ನಿದ್ದೆ ಮಾಡಿರಲಿಲ್ಲ’ ಎಂದು ಅವರದೇ ದನಿ ವಾಪಸು ಬರುತ್ತದೆ. ಆಮೇಲೆ ಗಂಡನ ದನಿ: “ಗುಡ್ಡೆ ಇರಲಿಲ್ವಾ?”

“ಇರಲಿಲ್ಲ. ಪೆಟ್ಟಿಗೆ ಎಳ್ಕೊಂಡು ಹೋಗಿದೆ. ಬಹಳ ದೂರ. ಮೇಡಂ ಬರೆದು ಕಳಿಸಿದ್ದಾರೆ, ನಿಮ್ಮದು ತಪ್ಪಿಲ್ಲ ಅಂತ.”

ಅಕ್ಕ ಕುಣಿದಾಡುವ ದನಿಯನ್ನು ನಿರೀಕ್ಷಿಸಿದ್ದರು, ಅಳುವುದನ್ನಾದರೂ. ಬಂದದ್ದು ವಿಂಚು ನಡೆಸಿದವರು ಕೇಳುವ ಪ್ರಶ್ನೆ.

“ವೈರು ಸಡಿಲ ಇತ್ತಾ, ಬಿಗಿ ಇತ್ತಾ?”

ಅಕ್ಕ ಸುಳ್ಳು ಹೇಳೋಣವೇ ಎಂದು ಯೋಚಿಸುತ್ತಾರೆ. “ಬಿಗಿ,” ಎನ್ನುತ್ತಾರೆ.

“ಇನ್ನೂ?”

“ಇನ್ನೂ.”

“ಒಂದ್ಮಾತು ಹೇಳ್ತೀನಿ, ಬೈಬೇಡ ಕಣೆ,” ಎನ್ನುತ್ತಾರೆ ಅವರು. “ಅಷ್ಟೂ ಜನ ನಕ್ಕಿದ್ದಕ್ಕೆ, ನಾನೇ ನಿದ್ದೆ ಮಾಡಿ ಕನಸು ಕಂಡೆನೋ ಏನೋ ಅಂತ ನನಗೇ ಅನುಮಾನ ಬಂದುಬಿಟ್ಟಿತ್ತು. ಆ ಅನುಮಾನ ಇದ್ದಿದ್ದಕ್ಕೇ ಇಷ್ಟು ವರ್ಷ ಸ್ವಲ್ಪನಾದ್ರೂ ನಿದ್ದೆ ಬರ್ತಿತ್ತು. ಈಗ ಅದನ್ನೂ ತೆಗೆದುಬಿಟ್ಯಲ್ಲ.”

“ನಾನು ಬರೋವರೆಗೂ ನೆಲಮಾಳಿಗೆಗೆ ಇಳೀಬೇಡಿ,” ಎನ್ನುತ್ತಾರೆ ಅಕ್ಕ.

“ನಾನು ಇಳಿಯಲ್ಲ. ನೀವು ಇಳಿಸೋದು ನಿಲ್ಸಿ.”

ಇಳಿಸುವುದು ನಿಲ್ಲುವುದಿಲ್ಲ. ಮರುದಿನ ಬೆಳಗಿನ ಜಾವ ಹಡಗು ಅಲ್ಲಿಂದ ಒಂದಿಷ್ಟು ದೂರ ಸರಿದು ಮತ್ತೆ ಪೆಟ್ಟಿಗೆ ಬಿಟ್ಟಿದೆ. ಅಕ್ಕ ಜರಡಿ ತೊಳೆದಿಟ್ಟು ಅದಕ್ಕಾಗಿ ಕಾಯುತ್ತಿದ್ದಾರೆ. ಕೈಬೆರಳುಗಳು ತಣ್ಣೀರಿಗೆ ಸುಕ್ಕುಗಟ್ಟಿ ಎಷ್ಟು ಮುದಿಯಾಗಿವೆಯೆಂದರೆ, ಮುಖಕ್ಕಿಂತ ಕೈಗೆ ನೂರು ವರ್ಷ ಹೆಚ್ಚು. ‘ಹೆದರಿಕೆ ಆಗೋದಿಲ್ವಾ’ ಎಂದು ಕೇಳಿದರೆ ಅವರಿಗೆ ನಗು.

“ಆಗುತ್ತೆ. ಆದ್ರೆ ಈ ಪುಟ್ಟಪುಟ್ಟವು ಅಲ್ಲೇ ಸಂಸಾರ ಮಾಡ್ಕೊಂಡಿವೆಯಲ್ಲ. ಅವಕ್ಕಿಲ್ಲದ ಹೆದರಿಕೆ ನಮಗ್ಯಾಕೆ? ನಮ್ಮ ಮನೆಯವರು ಸುಳ್ಳು ಹೇಳಲಿಲ್ಲ. ಅದನ್ನ ಕೆಸರೇ ಇಟ್ಕೊಂಡಿತ್ತು ನನಗೋಸ್ಕರ. ಕೆಸರನ್ನ ಕಂಡ್ರೆ ನಂಗೆ ಗೌರವ.”

ಆಸೆಯೇನಾದರೂ ಇದೆಯೇ? ಇದೆ, ಒಂದೇ ಒಂದು. ಗಂಡನನ್ನು ಒಂದು ಸಲ ಈ ಹಡಗಿಗೆ ಕರೆತರಬೇಕು. ಆ ವಿಂಚಿನ ಕುರ್ಚಿಯಲ್ಲಿ ಕೂರಿಸಿ, ಕೈಗೆ ಒಂದು ಲೋಟ ಟೀ ಕೊಡಬೇಕು. ಎಲ್ಲರೂ ನೋಡಬೇಕು.

“ಹಡಗು ದಡದಲ್ಲಿ ಕಟ್ಟಿರುವಾಗ ಮಾತ್ರ,” ಎಂದು ಸೇರಿಸುತ್ತಾರೆ.

ವಿಂಚಿನವನ ದನಿ ಮೈಕಿನಲ್ಲಿ ‘ತಳ’ ಎನ್ನುತ್ತದೆ. ಡೆಕ್ಕಿನ ಮೇಲೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಅಕ್ಕ ಬಾಯಿ ಮುಚ್ಚಿ, ವೈರು ಸುತ್ತಿದ ಡ್ರಮ್ಮಿನ ಪಕ್ಕದ ತಗಡಿಗೆ ಅಂಗೈ ಒತ್ತಿ ಹಿಡಿಯುತ್ತಾರೆ. ಹಿಡಿದೇ ಇರುತ್ತಾರೆ. ಪೆಟ್ಟಿಗೆ ಕೆಸರು ಬಿಟ್ಟು ಎದ್ದ ಮೇಲಷ್ಟೇ ಕೈ ತೆಗೆದು, ಏಪ್ರನ್ನಿಗೆ ಒರೆಸಿಕೊಂಡು, ಬಿಟ್ಟ ಮಾತನ್ನು ಮುಗಿಸುತ್ತಾರೆ.

“ದಡದಲ್ಲೂ ಅಷ್ಟೇ, ಎರಡು ಹಗ್ಗ ಜಾಸ್ತಿ ಹಾಕಿ ಕಟ್ಟಿರಬೇಕು.”